ಕೂತವನು ಎದ್ದು ಬರುವವರೆಗೆ

ಅಪ್ಪ ಫುಟ್‌ಬಾಲ್ ನೋಡುವಾಗ ಕುರ್ಚಿಯ ಮೇಲೆ ಕೂರುವುದಿಲ್ಲ. ಟಿವಿ ಎದುರಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಳ್ಳುತ್ತಾನೆ. ಚೆಂಡು ಗೋಲಿನ ಹತ್ತಿರ ಬಂತೆಂದರೆ ಆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅಪ್ಪನಿಗೆ ಅದು ಗೊತ್ತಾಗುವುದಿಲ್ಲ. ಚಿಕ್ಕಂದಿನಿಂದಲೂ ನಾನು ಆಟವನ್ನು ಅರ್ಧ ಟಿವಿಯಲ್ಲಿ, ಅರ್ಧ ಅಪ್ಪನ ಬೆರಳುಗಳಲ್ಲಿ ನೋಡುತ್ತ ಬಂದಿದ್ದೇನೆ.

1980ರ ದಶಕದಲ್ಲಿ ಅಪ್ಪ ಮಡಗಾಂವದ ಒಂದು ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ. ತಿಂಗಳಿಗೆರಡು ಸಲ ಬಸ್ಸು ಹಿಡಿದು ಕಾರವಾರಕ್ಕೆ ಬಂದು ಹೋಗುತ್ತಿದ್ದ. ಗ್ಯಾರೇಜಿನ ಹುಡುಗರೆಲ್ಲ ಸೇರಿ ಕಟ್ಟಿಕೊಂಡ ಒಂದು ಟೀಮಿತ್ತು. ಅಪ್ಪ ಅದರ ಗೋಲ್‌ಕೀಪರ್. ದೊಡ್ಡ ತಂಡಗಳಲ್ಲಿ ಅವನದು ಗೋವಾದ ಸಾಳಗಾಂವಕರ್. ಆ ತಂಡದ ಗೋಲು ಕಾಯುತ್ತಿದ್ದವರು ಬ್ರಹ್ಮಾನಂದ ಸಂಖ್ವಾಳಕರ್, ಭಾರತ ತಂಡದ ನಾಯಕರೂ ಆಗಿದ್ದವರು. ಅವರ ಹೆಸರು ಹೇಳುವಾಗ ಅಪ್ಪ ಈಗಲೂ ದನಿ ತಗ್ಗಿಸುತ್ತಾನೆ. 1988 ಮತ್ತು 1989ರಲ್ಲಿ ಸಾಳಗಾಂವಕರ್ ಬೆನ್ನುಬೆನ್ನಿಗೆ ಫೆಡರೇಷನ್ ಕಪ್ ಗೆದ್ದಾಗ ಗ್ಯಾರೇಜಿನಲ್ಲಿ ಕೆಲಸವೇ ಆಗಲಿಲ್ಲವಂತೆ. ಮಡಗಾಂವದ ಫಾತೋರ್ಡಾ ಕ್ರೀಡಾಂಗಣ 1989ರಲ್ಲಿ ಶುರುವಾದದ್ದು. ಅದರ ಕಂಬಗಳು ಏಳುವುದನ್ನು ಅಪ್ಪ ಕಣ್ಣಾರೆ ನೋಡಿದ್ದಾನೆ. ಆದರೆ ಅದರೊಳಗೆ ಕೂತು ಆಟ ನೋಡುವ ಮೊದಲೇ ಊರಿಗೆ ವಾಪಸಾದ. ಆಡುವುದನ್ನೂ ಆ ಹೊತ್ತಿಗೇ ಬಿಟ್ಟಿದ್ದ. ಯಾಕೆಂದು ಯಾರು ಕೇಳಿದರೂ ಒಂದೇ ಉತ್ತರ: "ಮೊಣಕಾಲು." ಆಯಿ, ನನ್ನ ಅಮ್ಮ, ಇಂದಿಗೂ ಚಳಿಗಾಲ ಬಂದರೆ ಆ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಡುತ್ತಾಳೆ.

2016ರಲ್ಲಿ ಸಾಳಗಾಂವಕರ್ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗಿನಿಂದಲೇ ಹೊರನಡೆಯಿತು. ಗೋವಾದವೇ ಆದ ಸ್ಪೋರ್ಟಿಂಗ್ ಮತ್ತು ಡೆಂಪೋ ಕೂಡ. ಸೋತರೆ ಬೈಯಬಹುದು, ಮುಂದಿನ ವರ್ಷ ನೋಡೋಣ ಅನ್ನಬಹುದು. ತಂಡವೇ ಆಡುವುದಿಲ್ಲ ಎಂದರೆ ಅಭಿಮಾನಿ ಏನು ಮಾಡಬೇಕು? ಅಪ್ಪ ಎರಡು ವರ್ಷ ಟಿವಿಯಲ್ಲಿ ಫುಟ್‌ಬಾಲ್ ಹಾಕಲು ಬಿಡಲಿಲ್ಲ.

ನನ್ನ ತಂಡ ಬೆಂಗಳೂರು ಎಫ್‌ಸಿ. ಕಾರವಾರದಲ್ಲಿ ಇದು ಸುಲಭದ ಮಾತಲ್ಲ. ಕಾಳಿ ನದಿ ದಾಟಿದರೆ ಸದಾಶಿವಗಡ, ಮುಂದೆ ಮಾಜಾಳಿ, ಮಾಜಾಳಿ ಮುಗಿದರೆ ಗೋವಾ. ಫಾತೋರ್ಡಾ ನಮಗೆ ಸುಮಾರು 70 ಕಿ.ಮೀ. ದೂರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ 500 ಕಿ.ಮೀ.ಗೂ ಹೆಚ್ಚು. ನಮ್ಮಲ್ಲಿ ಫುಟ್‌ಬಾಲ್ ಅಂದರೆ ಗೋವಾ, ಗೋವಾ ಅಂದರೆ ಫುಟ್‌ಬಾಲ್. ಆದರೆ 2013ರಲ್ಲಿ ಹುಟ್ಟಿದ ಬೆಂಗಳೂರು ತಂಡ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ನಾನಾಗ ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದೆ. ಕರ್ನಾಟಕದ್ದೊಂದು ತಂಡ, ಸುನಿಲ್ ಛೆಟ್ರಿಯಂಥ ನಾಯಕ, ಮೊದಲ ಹೆಜ್ಜೆಗೇ ಗೆಲುವು, ಅಷ್ಟು ಸಾಕಾಯಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ದೋಹಾದಲ್ಲಿ 0-1ರಿಂದ ಸೋತಾಗ ಬೇಜಾರಾಗಿ ಊಟ ಬಿಟ್ಟಿದ್ದೆ. 2019ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಗೋವಾ ತಂಡವನ್ನು ಸೋಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದಾಗ, 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಇಡೀ ಓಣಿಯಲ್ಲಿ ಕೂಗಿದವನು ನಾನೊಬ್ಬನೇ.

ಆಮೇಲೆ ಕೊರೋನಾ ಬಂತು. ಎರಡು ಸೀಸನ್ ಐಎಸ್‌ಎಲ್ ಇಡಿಯಾಗಿ ಗೋವಾದಲ್ಲೇ, ಕೊನೆಯ ಫೈನಲ್ ಬಿಟ್ಟರೆ ಪ್ರೇಕ್ಷಕರಿಲ್ಲದೆ ನಡೆಯಿತು. ನನ್ನ ತಂಡ ತಿಂಗಳುಗಟ್ಟಲೆ ಬೈಕಿನಲ್ಲಿ ಎರಡು ತಾಸಿನ ದೂರದಲ್ಲಿತ್ತು, ಆಡುತ್ತಿತ್ತು, ನಾನು ಹೋಗುವಂತಿರಲಿಲ್ಲ. ಆ ಸಂಕಟವನ್ನು ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಊರು ತುಂಬ ಅದಕ್ಕಿಂತ ದೊಡ್ಡ ಸಂಕಟಗಳಿದ್ದವು.

ನಾನು ಹೇಳಹೊರಟದ್ದು ಅದರ ಮುಂದಿನ ಸೀಸನ್ನಿನ ಕತೆ, 2022-23ರದ್ದು.

ಆ ಸಲ ಎಲ್ಲ ಸರಿಯಾಗಿಯೇ ಶುರುವಾಗಿತ್ತು. ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬಯಿ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದರು, ಮೊತ್ತಮೊದಲ ಸಲ. ಹೊಸ ಕೋಚ್ ಇಂಗ್ಲೆಂಡಿನ ಸೈಮನ್ ಗ್ರೇಸನ್. ಮೋಹನ್ ಬಾಗಾನ್‌ನಲ್ಲಿ ಗೋಲು ಹೊಡೆದು ಹೆಸರು ಮಾಡಿದ್ದ ಫಿಜಿ ದೇಶದ ರಾಯ್ ಕೃಷ್ಣ ಈಗ ನಮ್ಮವ. ಡಿಫೆನ್ಸಿನಲ್ಲಿ ಸಂದೇಶ್ ಝಿಂಗನ್, ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು. ಅಕ್ಟೋಬರ್ 8ರಂದು ಲೀಗಿನ ಮೊದಲ ಪಂದ್ಯದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 1-0 ಗೆಲುವು. ನಾನು ಅಡುಗೆಮನೆ ಬಾಗಿಲಿನ ಹಿಂದೆ ತೂಗುಹಾಕಿದ ಕ್ಯಾಲೆಂಡರ್‌ನಲ್ಲಿ, ಆಯಿ ಹಾಲಿನ ಲೆಕ್ಕ ಬರೆಯುವ ಚೌಕದ ಮೂಲೆಯಲ್ಲೇ ಪೆನ್ಸಿಲಿನಿಂದ ಪಾಯಿಂಟಿನ ಲೆಕ್ಕ 3 ಎಂದು ಬರೆದೆ. ಚೆನ್ನೈಯಿನ್ ಜೊತೆ 1-1 ಆಯಿತು. 4 ಎಂದು ಬರೆದೆ.

ಆ 4 ಅಲ್ಲೇ ನಿಂತುಬಿಟ್ಟಿತು. ಹೈದರಾಬಾದ್ ವಿರುದ್ಧ 0-1. ಒಡಿಶಾ ವಿರುದ್ಧ 0-1. ಈಸ್ಟ್ ಬೆಂಗಾಲ್ ವಿರುದ್ಧ ಕಂಠೀರವದಲ್ಲೇ 0-1. ಗೋಲು ಹೊಡೆದವನು ಹಿಂದಿನ ಸೀಸನ್ನಿನವರೆಗೆ ನಮ್ಮಲ್ಲೇ ಇದ್ದ ಕ್ಲೇಟನ್ ಸಿಲ್ವಾ. ಆಮೇಲೆ ನವೆಂಬರ್ 19, ಮುಂಬಯಿಯಲ್ಲಿ 0-4. ನಾಲ್ಕು ಪಂದ್ಯ, ಏಳು ಗೋಲು ತಿಂದದ್ದು, ಹೊಡೆದದ್ದು ಒಂದೂ ಇಲ್ಲ. ಅಕ್ಟೋಬರ್ ಕೊನೆಯ ಮಳೆಯಲ್ಲಿ ಒಂದೆರಡು ಸಲ ಕರೆಂಟು ಹೋಗಿ, ಬಂದಾಗ ಆಟ ಮುಗಿದಿರುತ್ತಿತ್ತು. ಕರೆಂಟು ಬಂದ ಮೇಲೂ ಟಿವಿ ಹಚ್ಚಲು ಕೈ ಮುಂದಾಗದ ದಿನಗಳು ಅವು.

ಸೋಲುವ ತಂಡಗಳಲ್ಲಿ ಎರಡು ಬಗೆ. ಆಡಲು ಬಾರದೆ ಸೋಲುವವರನ್ನು ನೋಡುವಾಗ ನೋವು ಕಡಿಮೆ. ನಮ್ಮವರು ಹಾಗಲ್ಲ. ಚೆಂಡು ಅವರ ಕಾಲಲ್ಲೇ ಇರುತ್ತಿತ್ತು, ಮಧ್ಯದವರೆಗೆ ಚಂದ ಬರುತ್ತಿತ್ತು, ಪೆನಾಲ್ಟಿ ಬಾಕ್ಸಿನ ಅಂಚಿಗೆ ಬಂದದ್ದೇ ಎಲ್ಲರೂ ಒಬ್ಬನಿಗಾಗಿ ಹುಡುಕುತ್ತಿದ್ದರು. ಆ ಒಬ್ಬ ಛೆಟ್ರಿ. ಆಗ ಅವನಿಗೆ 38. ಅಷ್ಟರೊಳಗೆ ಭಾರತಕ್ಕಾಗಿ 84 ಗೋಲು ಹೊಡೆದವನು. ಹತ್ತು ವರ್ಷ ಅವನತ್ತ ಚೆಂಡು ಕೊಟ್ಟರೆ ಏನಾದರೂ ಆಗುತ್ತದೆ ಎಂಬ ನಂಬಿಕೆಯ ಮೇಲೆ ಒಂದು ಇಡೀ ತಂಡ, ಒಂದು ಇಡೀ ದೇಶದ ಆಟ ನಡೆದಿತ್ತು. ಕಾಲು ಅರ್ಧ ಹೆಜ್ಜೆ ನಿಧಾನವಾದಾಗ ಅದು ಮೊದಲು ಗೊತ್ತಾಗುವುದು ಎದುರಾಳಿ ಡಿಫೆಂಡರ್‌ಗೆ. ಆಮೇಲೆ ನೋಡುವವರಿಗೆ. ಪಾಸು ಕೊಡುವ ಸ್ವಂತ ಗೆಳೆಯರಿಗೆ ಎಲ್ಲರಿಗಿಂತ ಕೊನೆಗೆ, ಯಾಕೆಂದರೆ ಅವರಿಗೆ ಅದನ್ನು ಒಪ್ಪಿಕೊಳ್ಳುವ ಮನಸ್ಸಿರುವುದಿಲ್ಲ.

ಅಪ್ಪ ಮಾತ್ರ ಆ ನಾಲ್ಕೂ ಪಂದ್ಯ ಬಿಡದೆ ನೋಡಿದ. "ಬೆಂಗಳೂರಿನವ್ರು" ಎಂದೇ ಕರೆಯುತ್ತಿದ್ದ, ಒಂದು ದಿನವೂ ಹೆಸರಿನಿಂದಲ್ಲ. ಆದರೂ ಏಳೂವರೆಗೆ ಸರಿಯಾಗಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

ನವೆಂಬರ್ 20ಕ್ಕೆ ಕತಾರಿನಲ್ಲಿ ವಿಶ್ವಕಪ್ ಶುರುವಾಯಿತು. ಕಾರವಾರದ ಓಣಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಬಾವುಟಗಳು. ಶಾಲೆಯಲ್ಲಿ ನನ್ನ ಎಂಟನೇ ಕ್ಲಾಸಿನ ಹುಡುಗರು ಮೆಸ್ಸಿಯ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಆ ಗದ್ದಲದ ನಡುವೆಯೇ ಐಎಸ್‌ಎಲ್ ನಡೆಯುತ್ತಿತ್ತು ಎಂಬುದು ಎಷ್ಟೋ ಜನರಿಗೆ ನೆನಪೇ ಇರಲಿಲ್ಲ. ನವೆಂಬರ್ 26ರಂದು ಬೆಂಗಳೂರು ಫಾತೋರ್ಡಾಕ್ಕೆ ಬಂದು ಗೋವಾವನ್ನು 2-0ರಿಂದ ಸೋಲಿಸಿತು. ಎರಡೂ ಗೋಲು ಸ್ಪೇನಿನ ಹಾವಿ ಹೆರ್ನಾಂಡಿಸ್‌ದು. ನಾನು ಹೋಗಲಾಗಲಿಲ್ಲ, ಶಾಲೆಯ ಕೆಲಸವಿತ್ತು. ಕ್ಯಾಲೆಂಡರಿನಲ್ಲಿ 7 ಎಂದು ಬರೆದು, ಸರಿಹೋಯಿತು ಅಂದುಕೊಂಡೆ.

ಸರಿಹೋಗಲಿಲ್ಲ. ಮೋಹನ್ ಬಾಗಾನ್ ವಿರುದ್ಧ 0-1, ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 2-3. ಜಮ್ಶೆಡ್‌ಪುರದ ವಿರುದ್ಧ ಒಂದು ಗೆಲುವು, ತಕ್ಷಣ ಹೈದರಾಬಾದ್‌ಗೆ ಮನೆಯಂಗಳದಲ್ಲೇ 0-3. ಡಿಸೆಂಬರ್ 30, ವರ್ಷದ ಕೊನೆಯ ಶುಕ್ರವಾರ, ಕೋಲ್ಕತ್ತದಲ್ಲಿ ಮತ್ತೆ ಈಸ್ಟ್ ಬೆಂಗಾಲ್. 1-1 ಆಗಿ ಮುಗಿಯುತ್ತದೆ ಅನ್ನುವಾಗ ಹೆಚ್ಚುವರಿ ನಿಮಿಷಗಳಲ್ಲಿ ಮತ್ತೆ ಅದೇ ಕ್ಲೇಟನ್. 1-2. ನಾನು ಎದ್ದು ಹೋಗಿ ಕ್ಯಾಲೆಂಡರಿನ ಲೆಕ್ಕ ನೋಡಿದೆ: 12 ಪಂದ್ಯ, 10 ಪಾಯಿಂಟು. ಉಳಿದದ್ದು 8 ಪಂದ್ಯ. ಆ ವರ್ಷದಿಂದ ಮೊದಲ ಆರು ತಂಡಗಳಿಗೆ ಪ್ಲೇಆಫ್ ಎಂದು ನಿಯಮ ಬದಲಾಗಿತ್ತು. ಆರು ಸ್ಥಾನವಿದ್ದರೂ ನಮಗೆ ಇಲ್ಲ ಅಂದುಕೊಂಡೆ. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಅದರಲ್ಲಿ ಏನೂ ಬರೆಯಲಿಲ್ಲ. ಹಾಲಿನ ಲೆಕ್ಕವಷ್ಟೇ ಇತ್ತು.

ಆಮೇಲೆ ಆದದ್ದನ್ನು ಹೇಗೆ ಹೇಳುವುದು? ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರದೊಳಗೆ ತಂಡವೊಂದು ಬೇರೆಯಾಯಿತು. ಜನವರಿ 6ರಂದು ಗುವಾಹಟಿಯಲ್ಲಿ, ಪಟ್ಟಿಯ ತಳದಲ್ಲಿದ್ದ ನಾರ್ತ್‌ಈಸ್ಟ್ ವಿರುದ್ಧ 2-1. ತಳದ ತಂಡದ ವಿರುದ್ಧದ ಗೆಲುವಿಗೆ ಯಾರೂ ಬೆಲೆ ಕೊಡುವುದಿಲ್ಲ, ನಾನೂ ಕೊಡಲಿಲ್ಲ. ಆದರೆ ಆಡುವವರ ಪಟ್ಟಿ ಬೇರೆಯಾಗತೊಡಗಿತ್ತು. ಮುಂದೆ ರಾಯ್ ಕೃಷ್ಣನ ಜೊತೆ ತಮಿಳುನಾಡಿನ 21ರ ಹುಡುಗ ಶಿವಶಕ್ತಿ ನಾರಾಯಣನ್. ಛೆಟ್ರಿ ಬೆಂಚಿನಲ್ಲಿ.

ಅವನು ಬೆಂಚಿನ ಮೇಲೆ ಕೂತದ್ದನ್ನು ಕ್ಯಾಮೆರಾ ಮೊದಲ ಸಲ ಹತ್ತಿರದಿಂದ ತೋರಿಸಿದಾಗ ನಮ್ಮ ಮನೆಯಲ್ಲಿ ನಡೆದದ್ದು ನನಗೆ ಸ್ಪಷ್ಟ ನೆನಪಿದೆ. ಆಟದ ಬನಿಯನ್ನಿನ ಮೇಲೆ ಬೇರೆ ಬಣ್ಣದ ತೆಳು ಅಂಗಿ, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಗೆ ಊರಿ ಆಟ ನೋಡುತ್ತಿದ್ದ. ಅಪ್ಪ ಚಾಚಿದ್ದ ಕಾಲನ್ನು ಎಳೆದುಕೊಂಡ.

"ಎಂತಕ್ಕೆ ಕೂರ್ಸಿದ್ರು ಅವನ್ನ?"

"ಹುಡುಗ ಚೆನ್ನಾಗಿ ಓಡ್ತಾ ಇದ್ದಾನೆ ಅಪ್ಪ. ಆಮೇಲೆ ಇಳಿಸ್ತಾರೆ ಇವನ್ನ."

"ಆಮೇಲೆ ಅಂದ್ರೆ ಯಾವಾಗ? ಎಲ್ಲ ಮುಗಿದ್ಮೇಲಾ?"

ದನಿ ಏರಿತ್ತು. ಅಷ್ಟು ಸಿಟ್ಟು ಯಾಕೆಂದು ನನಗೆ ತಿಳಿಯಲಿಲ್ಲ. ತನ್ನದಲ್ಲದ ತಂಡ, ತನ್ನವನಲ್ಲದ ಆಟಗಾರ. ಅಪ್ಪ ಎದ್ದು ಹೊರಗೆ ಜಗುಲಿಗೆ ಹೋಗಿ ನಿಂತ. ಅರ್ಧ ಗಂಟೆ ಒಳಗೆ ಬರಲಿಲ್ಲ. ಬಂದಾಗ ಛೆಟ್ರಿ ಗೆರೆಯ ಪಕ್ಕದಲ್ಲಿ ಮೈ ಬಿಸಿಮಾಡಿಕೊಳ್ಳುತ್ತಿದ್ದ. ಅಪ್ಪ ನಿಂತೇ ನೋಡಿದ.

ಗ್ರೇಸನ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಆಗಲೂ ಈಗಲೂ. ಶಿವ ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ನುಗ್ಗುತ್ತಿದ್ದ. ಅವನು ನುಗ್ಗಿದಾಗ ಅವರು ಹಿಂದೆ ಸರಿಯಲೇಬೇಕು. ಅವರು ಸರಿದರೆ ಮಧ್ಯದಲ್ಲಿ ಹಾವಿಗೆ ಚೆಂಡು ನಿಲ್ಲಿಸಿ ತಲೆಯೆತ್ತಿ ನೋಡಲು ಎರಡು ಗಳಿಗೆ ಸಿಗುತ್ತಿತ್ತು. ಒಂದು ಅಂಚಿನಲ್ಲಿ ರೋಶನ್ ಸಿಂಗ್, ಇನ್ನೊಂದರಲ್ಲಿ ಪ್ರಬೀರ್ ದಾಸ್ ಮೇಲೆ ಕೆಳಗೆ ಓಡುತ್ತ ಚೆಂಡು ಒಳಗೆ ಹಾಕುತ್ತಿದ್ದರು. ಮೊದಲ ಹನ್ನೆರಡು ಪಂದ್ಯದಲ್ಲಿ ಎಲ್ಲರೂ ಒಬ್ಬನಿಗಾಗಿ ಹುಡುಕುತ್ತಿದ್ದರಲ್ಲ, ಆ ಒಬ್ಬ ಮೈದಾನದಲ್ಲಿ ಇಲ್ಲ ಎಂದಾದಾಗ ಉಳಿದವರು ಒಬ್ಬರನ್ನೊಬ್ಬರು ಹುಡುಕತೊಡಗಿದರು. ಆದರೆ ಇದೆಲ್ಲ ಕೋಚ್ ಒಬ್ಬನಿಂದ ಆಗುವುದಲ್ಲ. ಛೆಟ್ರಿ ಮುಖ ಸೊಟ್ಟ ಮಾಡಿದ್ದರೆ, ಒಂದು ಮಾತು ಹೊರಗೆ ಆಡಿದ್ದರೆ, ಆ 21ರ ಹುಡುಗನ ಕಾಲು ನಡುಗುತ್ತಿತ್ತು. ಗೋಲಾದಾಗ ಬೆಂಚಿನಿಂದ ಮೊದಲು ಎದ್ದು ಕೈಯೆತ್ತುತ್ತಿದ್ದವನು ಛೆಟ್ರಿ. ನಾನು ಅದನ್ನು ಪಂದ್ಯದಿಂದ ಪಂದ್ಯಕ್ಕೆ ಗಮನಿಸಿದೆ.

ಒಡಿಶಾ 3-1. ಜಮ್ಶೆಡ್‌ಪುರ 3-0. ಚೆನ್ನೈಯಿನ್ 3-1. ಕೋಲ್ಕತ್ತಕ್ಕೆ ಹೋಗಿ ಮೋಹನ್ ಬಾಗಾನ್ ವಿರುದ್ಧ 2-1. ರಾಯ್ ಕೃಷ್ಣನ ಗೋಲಿನಿಂದ ಕೇರಳದ ವಿರುದ್ಧ 1-0. ಫೆಬ್ರುವರಿ 15ರಂದು, ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಒಂದೂ ಸೋಲು ಕಾಣದ ಮುಂಬಯಿ ಸಿಟಿಗೆ ಮೊದಲ ಸೋಲು, 2-1. ಕೊನೆಗೆ ಗೋವಾ 3-1. ಎಂಟಕ್ಕೆ ಎಂಟು. 24ಕ್ಕೆ 24. ಒಟ್ಟು 34 ಪಾಯಿಂಟು, ನಾಲ್ಕನೇ ಸ್ಥಾನ. ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕ್ಯಾಲೆಂಡರಿನ ಜನವರಿ ಪುಟದಲ್ಲಿ, ಹಾಲಿನ ಲೆಕ್ಕದ ಪಕ್ಕ ಸಣ್ಣಗೆ 13, 16, 19, 22 ಎಂದು ಬರೆದಿತ್ತು. ನನ್ನ ಅಕ್ಷರವಲ್ಲ. ಕೇಳಲಿಲ್ಲ ನಾನು.

ಮಾರ್ಚ್ 3ರ ನಾಕೌಟ್ ಪಂದ್ಯ ಕೇರಳದ ವಿರುದ್ಧ, ಕಂಠೀರವದಲ್ಲಿ. ಅದನ್ನು ದೇಶವೆಲ್ಲ ಬಲ್ಲದು. 90 ನಿಮಿಷ 0-0. ಬದಲಿ ಆಟಗಾರನಾಗಿ ಇಳಿದಿದ್ದ ಛೆಟ್ರಿ ಎಕ್ಸ್‌ಟ್ರಾ ಟೈಮಿನಲ್ಲಿ, ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಫ್ರೀ ಕಿಕ್ಕನ್ನು ಗೋಲಿಗೆ ತಳ್ಳಿಬಿಟ್ಟ. ರೆಫ್ರಿ ಗೋಲು ಅಂದರು. ಕೇರಳದ ಕೋಚ್ ತನ್ನ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಗೆಲುವು ನಮ್ಮದಾಯಿತು, ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನಮ್ಮ ಪಕ್ಕದ ಮನೆಯಲ್ಲಿರುವವರು ಕಣ್ಣೂರು ಕಡೆಯವರು, ನೌಕಾನೆಲೆಯ ಕೆಲಸಕ್ಕೆಂದು ಬಂದವರು. ಹಿಂದಿನ ದಿನ ಇಬ್ಬರೂ ಸೇರಿ ನೋಡೋಣ ಅಂದುಕೊಂಡಿದ್ದೆವು, ಅವರಿಗೆ ಡ್ಯೂಟಿ ಬಂತು. ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಸಿಕ್ಕಾಗ ಅವರು ಕೇಳಿದ್ದು ಇಷ್ಟೇ: "ಮಾಷ್ಟ್ರೇ, ಅದು ಗೋಲಾ?" ನಿಯಮ ಹೇಳಿದೆ. ಗೋಡೆಯ ದೂರ ಅಳೆದುಕೊಡಿ ಎಂದು ಹೊಡೆಯುವವನು ಕೇಳದಿದ್ದರೆ ಸೀಟಿಗಾಗಿ ಕಾಯಬೇಕಿಲ್ಲ. ಅವರು ತಲೆಯಾಡಿಸಿದರು. ನಿಯಮದಲ್ಲಿ ಅದು ಗೋಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಗೆಲುವನ್ನು ನಾನು ಎದೆ ತುಂಬಿ ಆಚರಿಸಲಾರದೆ ಹೋದೆ. ಮೈದಾನದ ಒಂದು ಕಡೆ ಖಾಲಿಯಾಗಿ, ನಮ್ಮವರು ಸುಮ್ಮನೆ ಚೆಂಡು ದಾಟಿಸಿಕೊಳ್ಳುತ್ತ ನಿಂತ ಆ ನಿಮಿಷಗಳು ಇಂದಿಗೂ ಕಣ್ಣಲ್ಲಿವೆ. ಒಂದು ವಾರ ನಾವಿಬ್ಬರೂ ಫುಟ್‌ಬಾಲ್ ಬಿಟ್ಟು ಮೀನಿನ ದರದ ಬಗ್ಗೆ ಮಾತಾಡಿದೆವು.

ಸೆಮಿಫೈನಲ್ ಮುಂಬಯಿ ಜೊತೆ. ಅಲ್ಲಿ ಹೋಗಿ 1-0, ಗೋಲು ಮತ್ತೆ ಬೆಂಚಿನಿಂದ ಎದ್ದುಬಂದ ಛೆಟ್ರಿಯದು. ಕಂಠೀರವದಲ್ಲಿ 1-2. ಸೇರಿಸಿದರೆ ಸಮ, ಪೆನಾಲ್ಟಿ ಶೂಟೌಟ್. ಎಂಟೆಂಟು ಮುಗಿದರೂ ತೀರ್ಮಾನವಾಗಲಿಲ್ಲ. ಒಂಬತ್ತನೆಯದರಲ್ಲಿ ಮೆಹ್ತಾಬ್ ಸಿಂಗ್ ಹೊಡೆದದ್ದನ್ನು ಗುರ್‌ಪ್ರೀತ್ ತಡೆದ, ಝಿಂಗನ್ ಹೊಡೆದ, 9-8. ಶೂಟೌಟಿನುದ್ದಕ್ಕೂ ಅಪ್ಪ ಗುರ್‌ಪ್ರೀತನ ಪಾದಗಳನ್ನೇ ನೋಡುತ್ತಿದ್ದ. "ಮೊದ್ಲೇ ಹಾರಬಾರ್ದು ತಮಾ. ಅವ ಹೊಡೆಯೂವರೆಗೂ ಕಾಯ್ಬೇಕು. ಕಾಯೂದೇ ಕಷ್ಟ."

ಫೈನಲ್ ಮಾರ್ಚ್ 18ಕ್ಕೆ. ಡುರಾಂಡ್ ಕಪ್ ಗೆದ್ದ ದಿನಕ್ಕೆ ಸರಿಯಾಗಿ ಆರು ತಿಂಗಳು. ಜಾಗ ಫಾತೋರ್ಡಾ. ಎದುರಾಳಿ ಎಟಿಕೆ ಮೋಹನ್ ಬಾಗಾನ್.

ಮಾರ್ಚ್ 31ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ, ಶನಿವಾರವೂ ವಿಶೇಷ ತರಗತಿ. ಮಧ್ಯಾಹ್ನದವರೆಗೆ ಪಾಠ ಮಾಡಿ, ಗೆಳೆಯನ ಕಾರು ತೆಗೆದುಕೊಂಡು ಮನೆಗೆ ಬಂದೆ. ಆನ್‌ಲೈನಿನಲ್ಲಿ ಎರಡು ಟಿಕೆಟು ತೆಗೆದಿದ್ದೆ. ಇನ್ನೊಂದು ಯಾರಿಗೆಂದು ಹೇಳಿರಲಿಲ್ಲ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ. ಆಯಿ ಬಾಳೆ ಎಲೆಯಲ್ಲಿ ಕಟ್ಟಿದ ಕೊಟ್ಟೆ ರೊಟ್ಟಿಯ ಪೊಟ್ಟಣ ಕೊಟ್ಟು, "ಮೊಣಕಾಲು ಮಡಚಿ ಜಾಸ್ತಿ ಹೊತ್ತು ಕೂರಬೇಡಿ" ಎಂದಳು ಅವನಿಗೆ.

ಕಾಳಿ ಸೇತುವೆ ದಾಟಿ, ಸದಾಶಿವಗಡದ ಗುಡ್ಡ ಬಲಕ್ಕೋ ಎಡಕ್ಕೋ ಅನ್ನುವಷ್ಟರಲ್ಲಿ ಮಾಜಾಳಿ ಬಂತು. ಪೆಟ್ರೋಲ್ ಅಗ್ಗವೆಂದು ನಮ್ಮ ಕಾರವಾರದವರೆಲ್ಲ ತುಂಬಿಸಿಕೊಳ್ಳುವ ಪೋಳೆಂನಲ್ಲಿ ನಾವೂ ತುಂಬಿಸಿಕೊಂಡೆವು. ಕಾಣಕೋಣದ ಬೈಪಾಸು, ಆಮೇಲೆ ಕರಮಲ್ ಘಾಟಿನ ತಿರುವುಗಳು. ಬೆಂಗಳೂರಿನ ನೋಂದಣಿಯ ಕಾರುಗಳು ನೀಲಿ ಬಾವುಟ ಹೊರಗೆ ಚಾಚಿಕೊಂಡು ನಮ್ಮನ್ನು ದಾಟಿಹೋಗುತ್ತಿದ್ದವು. ಮಡಗಾಂವ ಹೊಕ್ಕಾಗ ಅಪ್ಪ ಕಿಟಕಿ ಇಳಿಸಿದ. ಗ್ಯಾರೇಜಿದ್ದ ಜಾಗ ತೋರಿಸುತ್ತೇನೆ ಅಂದ. ಎರಡು ಸುತ್ತು ಹಾಕಿದರೂ ಸಿಗಲಿಲ್ಲ. "ಇರ್ಲಿ ಬಿಡು" ಎಂದ. ಗಾಡಿಯೊಂದರ ಹತ್ತಿರ ನಿಂತು ರೊಸ್ ಆಮ್ಲೆಟ್ ತಿಂದೆವು. ಗಾಡಿಯವನ ಜೊತೆ ಅಪ್ಪ ಕೊಂಕಣಿಯಲ್ಲಿ ಮಾತಿಗಿಳಿದಾಗ ಅವನ ದನಿಯೇ ಬೇರೆಯಾಯಿತು, ವಯಸ್ಸು ಕಡಿಮೆಯಾದಂತೆ.

ತಾನು ಏಳುವುದನ್ನು ನೋಡಿದ್ದ ಕ್ರೀಡಾಂಗಣದೊಳಗೆ ಅಪ್ಪ ಮೊದಲ ಸಲ ಕಾಲಿಟ್ಟ. ಮೆಟ್ಟಿಲು ಹತ್ತಿ ಮೇಲೆ ಬಂದಾಗ ದೀಪದ ಬೆಳಕಿನಲ್ಲಿ ಹುಲ್ಲು ಕಂಡಿತು. ಟಿವಿಯಲ್ಲಿ ಕಾಣುವ ಹಸಿರಲ್ಲ ಅದು, ಈಗಷ್ಟೇ ನೀರು ಹಾಕಿದ ಗದ್ದೆಯ ಹಸಿರು. ಅಪ್ಪ ಮೊದಲು ನೋಡಿದ್ದು ಗೋಲಿನ ಕಂಬಗಳನ್ನು. ನಮ್ಮ ಎಡಕ್ಕೆ ನೀಲಿ, ಎದುರಿಗೆ ಕೋಲ್ಕತ್ತದಿಂದ ಬಂದ ಹಸಿರು-ಕೆಂಗಂದು. ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಆ ದಿನ ಅಪ್ಪ ಕುರ್ಚಿಯಲ್ಲಿ ಕೂತ.

ಆಟ ಶುರುವಾಗಿ ಇನ್ನೂ ನಾಲ್ಕೇ ನಿಮಿಷ. ಶಿವಶಕ್ತಿ ನೆಲಕ್ಕೆ ಬಿದ್ದ, ಏಳಲಿಲ್ಲ. ಡಾಕ್ಟರು ಓಡಿದರು. ಎಂಟು ಗೆಲುವು ತಂದ ಜೋಡಿ ಅಲ್ಲಿಗೆ ಮುರಿಯಿತು. ಗೆರೆಯ ಹತ್ತಿರ ಯಾರೋ ಬೇರೆ ಬಣ್ಣದ ಅಂಗಿ ತಲೆಯ ಮೇಲಿನಿಂದ ಎಳೆದು ಎಸೆಯುತ್ತಿರುವುದು ಕಂಡಿತು. ಛೆಟ್ರಿ. ಮೈ ಬಿಸಿಮಾಡಿಕೊಳ್ಳಲೂ ಹೊತ್ತಿರಲಿಲ್ಲ. ಅವನು ಗೆರೆ ದಾಟಿ ಒಳಗೆ ಓಡಿದಾಗ ನೀಲಿ ಪಾಳಿಯಿಂದ ಎದ್ದ ಸದ್ದಿಗೆ ಕಿವಿ ಮುಚ್ಚಿತು. ಅಪ್ಪ ಕೂಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡ. ಬೆರಳುಗಳು ಮೂಳೆಗೆ ತಾಗುವಷ್ಟು ಬಿಗಿಯಾಗಿ, ಮತ್ತೆ ಆಟ ಶುರುವಾಗಿ ಎರಡು ನಿಮಿಷ ಕಳೆದರೂ ಬಿಡಲಿಲ್ಲ. ಅವನ ಮುಖ ನೋಡಿದೆ. ಸಂತೋಷವಾಗಿರುವ ಮುಖ ಅದಾಗಿರಲಿಲ್ಲ.

14ನೇ ನಿಮಿಷಕ್ಕೆ ರಾಯ್ ಕೃಷ್ಣನ ಕೈಗೆ ಚೆಂಡು ತಾಗಿ ಪೆನಾಲ್ಟಿ, ಪೆಟ್ರಾಟೋಸ್ ಹೊಡೆದ, 0-1. ಮಧ್ಯಂತರಕ್ಕೆ ಮೊದಲು ನಮಗೊಂದು ಪೆನಾಲ್ಟಿ. ಛೆಟ್ರಿ ಹೊಡೆದ, 1-1. 78ನೇ ನಿಮಿಷ, ಕಾರ್ನರ್, ಕೃಷ್ಣನ ತಲೆ, 2-1. ಮುಂದಿನ ಏಳು ನಿಮಿಷ ನಾವು ಚಾಂಪಿಯನ್ನರಾಗಿದ್ದೆವು. ಆ ಏಳು ನಿಮಿಷವನ್ನು ನಾನು ಆಗಾಗ ತೆಗೆದು ನೋಡುತ್ತೇನೆ. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಅಳುತ್ತಿದ್ದಳು, ಅವಳ ಗೆಳತಿ ಫೋನಿನಲ್ಲಿ ಯಾರಿಗೋ ಸ್ಟೇಡಿಯಮ್ಮಿನ ಸದ್ದು ಕೇಳಿಸುತ್ತಿದ್ದಳು. 85ನೇ ನಿಮಿಷ, ಇನ್ನೊಂದು ಪೆನಾಲ್ಟಿ, ಮತ್ತೆ ಪೆಟ್ರಾಟೋಸ್. 2-2. ಎಕ್ಸ್‌ಟ್ರಾ ಟೈಮಿನಲ್ಲಿ ಯಾರಿಗೂ ಗೋಲಿಲ್ಲ.

ಶೂಟೌಟಿನಲ್ಲಿ ಅವರು ನಾಲ್ಕಕ್ಕೆ ನಾಲ್ಕು ಹೊಡೆದರು. ನಮ್ಮವರಲ್ಲಿ ಅಲನ್ ಕೋಸ್ಟಾ, ಕೃಷ್ಣ, ಛೆಟ್ರಿ ಹೊಡೆದರು. ಬ್ರೂನೋ ರಾಮಿರೆಸ್‌ದನ್ನು ವಿಶಾಲ್ ಕೈತ್ ತಡೆದ. ಪಾಬ್ಲೋ ಪೆರೆಸ್‌ದು ಕಂಬದ ಮೇಲಿನಿಂದ ಹೋಯಿತು. 3-4. ಅಕ್ಟೋಬರಿನಿಂದ ಶುರುವಾದದ್ದು ಅಷ್ಟಕ್ಕೆ ಮುಗಿಯಿತು.

ಜನ ಕರಗುವವರೆಗೂ ನಾವು ಕೂತಿದ್ದೆವು. ನೀಲಿ ಪಾಳಿಯವರು ಕೈಗಳನ್ನು ಮೇಲೆತ್ತಿ ತಮ್ಮ ತಂಡಕ್ಕೆ ನಿಧಾನವಾಗಿ ಚಪ್ಪಾಳೆ ತಟ್ಟಿದರು. ಹೊರಗೆ ಬಂದು ಕಾರು ಹತ್ತಿದಾಗ ಹನ್ನೊಂದು ದಾಟಿತ್ತು. ಕುಂಕಳ್ಳಿ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಕರಮಲ್ ಘಾಟಿನಲ್ಲಿ ಎದುರಿನ ಲಾರಿಯೊಂದಕ್ಕೆ ದಾರಿ ಬಿಡಲು ನಿಲ್ಲಿಸಿದಾಗ ಅಪ್ಪ ಶುರುಮಾಡಿದ, ಕಿಟಕಿಯಾಚೆಯ ಕತ್ತಲೆ ನೋಡುತ್ತ.

"ಗ್ಯಾರೇಜಿಗೆ ಒಬ್ಬ ಹುಡುಗ ಬಂದಿದ್ದ, ಕುಡಚಡೆಯವ. ಕೀಪರ್. ಚಲೋ ಹಾರ್ತಿದ್ದ. ನನಗಿಂತ ಚಲೋ."

ಲಾರಿ ಹೋಯಿತು. ನಾನು ಕಾರು ತೆಗೆಯಲಿಲ್ಲ.

"ಎರಡು ಆಟ ನನ್ನ ಹೊರಗೆ ಕೂರ್ಸಿದ್ರು. ಕೂತೆ. ಮೂರನೇದಕ್ಕೆ ನಾ ಹೋಗ್ಲೇ ಇಲ್ಲ. ಮೊಣಕಾಲು ನೋವು ಅಂತ ಹೇಳಿ ಕಳಿಸ್ದೆ."

"ಆಮೇಲೆ?"

"ಆ ಆಟದಲ್ಲಿ ಹತ್ತು ನಿಮಿಷಕ್ಕೇ ಹುಡುಗನ ಬೆರಳು ಮುರೀತು. ಕೀಪರ್ ಇಲ್ಲ. ಬ್ಯಾಕ್ ಆಡೂವವನ್ನ ಗೋಲಲ್ಲಿ ನಿಲ್ಸಿದ್ರು."

"ಎಷ್ಟಾಯ್ತು?"

"ಐದು." ಸ್ವಲ್ಪ ಹೊತ್ತು ಬಿಟ್ಟು, "ನಾ ರೂಮಲ್ಲಿ ಮಲಗಿದ್ದೆ. ಮೈದಾನ ಹತ್ತಿರಾನೇ ಇತ್ತು, ಕೂಗು ಕೇಳ್ತಿತ್ತು. ಐದು ಸಲ ಕೇಳ್ತು" ಎಂದ.

ಘಾಟು ಇಳಿದೆವು. ಕಾಣಕೋಣ, ಪೋಳೆಂ, ಮಾಜಾಳಿ. ಗೋವಾ ಕಡೆಯಿಂದ ಬರುವವರಿಗೆ ಆಗ ಕಾಳಿಯ ಹಳೆ ಸೇತುವೆಯೇ ದಾರಿ. 2024ರ ಆಗಸ್ಟ್ 7ರ ಬೆಳಗಿನ ಜಾವ ಲಾರಿಯೊಂದರ ಸಮೇತ ಕುಸಿದು ನದಿಗೆ ಬಿತ್ತಲ್ಲ, ಅದೇ. ಅದರ ಜೋಡಣೆಗಳ ಮೇಲೆ ಗಾಲಿ ಹತ್ತಿ ಇಳಿಯುವ ದಡ್ ದಡ್ ಸದ್ದು ಕೇಳುತ್ತ ದಾಟಿದೆವು. ಕೆಳಗೆ ನೀರಿನಲ್ಲಿ ಒಂದೆರಡು ದೋಣಿಗಳ ದೀಪ ಇದ್ದವು. ಕೋಡಿಬಾಗದ ರಸ್ತೆಯಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಮನೆಯಲ್ಲಿ ದೀಪ ಉರಿಯುತ್ತಿತ್ತು. ಆಯಿ ಟಿವಿಯಲ್ಲಿ ನೋಡಿದ್ದಳು, ಸೋತದ್ದು ಗೊತ್ತಿತ್ತು, ಅದರ ಬಗ್ಗೆ ಕೇಳಲಿಲ್ಲ. ಅಪ್ಪ ಕಾರಿನಿಂದ ಇಳಿದು, ಒಂದು ಕೈ ಬಾಗಿಲಿಗೆ ಹಿಡಿದು, ಕಾಲು ನೇರಮಾಡಿಕೊಳ್ಳುತ್ತಿದ್ದಾಗ ಜಗುಲಿಯಿಂದಲೇ ಕೇಳಿದಳು:

"ಮೊಣಕಾಲು ಹ್ಯಾಗಿದೆ?"

ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಮೆಟ್ಟಿಲು ಹತ್ತಿದ.

"ಅಡ್ಡಿಲ್ಲ" ಎಂದ.